ಸೋಲ್‌ಹೇಮಯೋಕುಲ್ ಹಿಮನದಿಯ ಮೇಲೆ ಎಂಬತ್ತು ನಿಮಿಷ: ಒಂದು ಮಾರ್ಗದರ್ಶಿತ ನಡಿಗೆಯ ವಿಮರ್ಶೆ

ಮುಂಗಡವಾಗಿ ಹಣ ಕಟ್ಟಿದಾಗ ಬಂದ ರಸೀದಿಯಲ್ಲಿ ‘ಮೂರು ಗಂಟೆಗಳ ಹಿಮನದಿ ನಡಿಗೆ’ ಎಂದಿತ್ತು. ನಮ್ಮ ಕಾಲುಗಳು ಮಂಜುಗಡ್ಡೆಯ ಮೇಲೆ ಇದ್ದದ್ದು ಒಂದು ಗಂಟೆ ಇಪ್ಪತ್ತು ನಿಮಿಷ ಮಾತ್ರ. ಉಳಿದ ಸಮಯ ಬೂಟಿನ ಅಳತೆ ಹೊಂದಿಸುವುದರಲ್ಲಿ, ಸೊಂಟಕ್ಕೆ ಹಾರ್ನೆಸ್ ಎಂಬ ಸುರಕ್ಷತಾ ಪಟ್ಟಿ ಬಿಗಿಯುವುದರಲ್ಲಿ, ವಾಹನ ನಿಲ್ದಾಣದಿಂದ ಹಿಮನದಿಯ ಅಂಚಿನವರೆಗೆ ಜಲ್ಲಿಯ ಹಾದಿಯಲ್ಲಿ ನಡೆಯುವುದರಲ್ಲಿ ಮತ್ತು ಅದೇ ಹಾದಿಯಲ್ಲಿ ಹಿಂದಿರುಗುವುದರಲ್ಲಿ ಕಳೆದುಹೋಯಿತು. ಐಸ್‌ಲ್ಯಾಂಡಿನ ದಕ್ಷಿಣ ತೀರದ ಸೋಲ್‌ಹೇಮಯೋಕುಲ್‌ಗೆ ಹೋಗಬೇಕೆಂದಿರುವವರಿಗೆ ಈ ಲೆಕ್ಕ ಮೊದಲೇ ತಿಳಿದಿರಲಿ ಎಂದು ಇದರಿಂದಲೇ ಆರಂಭಿಸುತ್ತಿದ್ದೇನೆ. ಇದನ್ನು ಮೋಸವೆಂದು ದೂರುವ ಉದ್ದೇಶ ನನಗಿಲ್ಲ. ಆ ಎಂಬತ್ತು ನಿಮಿಷಗಳು ಹೇಗೆ ಕಳೆದವು ಎಂಬುದರಿಂದಲೇ ಈ ಸೇವೆಯನ್ನು ಅಳೆಯಬೇಕು. ಅದು ನಿಂತಿರುವುದು ಎರಡು ಸಂಗತಿಗಳ ಮೇಲೆ: ಮುಂದೆ ನಡೆಯುವ ಮಾರ್ಗದರ್ಶಿ ಯಾರು, ಅವರ ಹಿಂದೆ ಎಷ್ಟು ಜನ.

ಸೋಲ್‌ಹೇಮಯೋಕುಲ್, ಮೀರ್ದಾಲ್ಸ್‌ಯೋಕುಲ್ ಎಂಬ ವಿಶಾಲವಾದ ಹಿಮಹೊದಿಕೆಯಿಂದ ತಗ್ಗಿಗೆ ನಾಲಿಗೆಯಂತೆ ಚಾಚಿಕೊಂಡಿರುವ ಹಿಮನದಿ. ‘ಯೋಕುಲ್’ ಎಂದರೆ ಅಲ್ಲಿನ ಭಾಷೆಯಲ್ಲಿ ಹಿಮನದಿ. ‘ಸೋಲ್‌ಹೇಮರ್’ ಎಂದರೆ ಬಿಸಿಲಿನ ಮನೆ. ನಾವು ಹೋದ ಸೆಪ್ಟೆಂಬರಿನ ಆ ಬೆಳಿಗ್ಗೆ ಬಿಸಿಲಿನ ಸುಳಿವೂ ಇರಲಿಲ್ಲ, ಸೋನೆ ಮಳೆ ಅಡ್ಡಡ್ಡಲಾಗಿ ಹೊಡೆಯುತ್ತಿತ್ತು ಎಂಬುದು ಬೇರೆ ಮಾತು. ರಾಜಧಾನಿ ರೇಕ್ಯಾವಿಕ್‌ನಿಂದ ಇದು ಸುಮಾರು 160 ಕಿಲೋಮೀಟರ್ ದೂರದಲ್ಲಿದ್ದು, ದ್ವೀಪವನ್ನು ಸುತ್ತುವ 1ನೇ ಸಂಖ್ಯೆಯ ಹೆದ್ದಾರಿಯಲ್ಲಿ ಸ್ಕೋಗಾಫೋಸ್ ಜಲಪಾತವನ್ನು ದಾಟಿದ ಸ್ವಲ್ಪ ಹೊತ್ತಿಗೆ ಎಡಕ್ಕೆ 221ನೇ ಸಂಖ್ಯೆಯ ಕಿರುರಸ್ತೆ ಕವಲೊಡೆಯುತ್ತದೆ. ಬೆಳಿಗ್ಗೆ ಹೊರಟು ರಾತ್ರಿಯೊಳಗೆ ಮರಳಬಹುದಾದ ಹಿಮನದಿ ಎಂಬುದೇ ಇದರ ಆಕರ್ಷಣೆ, ಅದೇ ಇದರ ತೊಡಕು ಕೂಡ. ಒಂದೆರಡಲ್ಲ, ಹಲವಾರು ಸಂಸ್ಥೆಗಳು ಇಲ್ಲಿ ನಡಿಗೆಗಳನ್ನು ನಡೆಸುತ್ತವೆ. ಹತ್ತು ಗಂಟೆಯ ಹೊತ್ತಿಗೆ ನಿಲ್ದಾಣದ ತುಂಬ ವ್ಯಾನುಗಳು, ಹಾದಿಯ ತುಂಬ ಬಣ್ಣಬಣ್ಣದ ಹೆಲ್ಮೆಟ್ಟುಗಳು.

ಅಂಥ ಸಂಸ್ಥೆಗಳಲ್ಲಿ ಒಂದನ್ನು ಆರಿಸಿಕೊಂಡು ನಾನೂ ನನ್ನ ಅಕ್ಕನೂ ಅಲ್ಲಿನ ಹಣದಲ್ಲಿ ತಲಾ 15 ಸಾವಿರ ಕ್ರೋನಾದ ಆಸುಪಾಸಿನಲ್ಲಿ ತೆತ್ತಿದ್ದೆವು. ಸಂಸ್ಥೆಯ ಹೆಸರನ್ನು ಹೇಳುವುದಿಲ್ಲ, ಏಕೆಂದರೆ ನಾನು ಹೇಳುವ ಕೊರತೆಗಳು ಆ ಒಂದು ದಿನದವಾಗಿರಲು ಸಾಧ್ಯವಿದೆ, ಗುಣಗಳೋ ಬಹುಮಟ್ಟಿಗೆ ಒಬ್ಬ ವ್ಯಕ್ತಿಯವು.

ಕೊರತೆಗಳಲ್ಲಿ ಮೊದಲನೆಯದು ಬೂಟು. ಹಿಮನದಿಯ ಮೇಲೆ ನಡೆಯಲು ಪಾದಕ್ಕೆ ಕಟ್ಟುವ ಉಕ್ಕಿನ ಮುಳ್ಳುಚೌಕಟ್ಟಿಗೆ ಕ್ರಾಂಪಾನ್ ಎನ್ನುತ್ತಾರೆ. ಅದು ಅಲುಗಾಡದೆ ಕೂರಬೇಕಾದರೆ ಅಟ್ಟೆ ಗಟ್ಟಿಯಾಗಿರುವ, ಹರಡನ್ನು ಪೂರ್ತಿ ಮುಚ್ಚುವ ಬೂಟು ಬೇಕು; ಮೆತ್ತನೆಯ ಓಟದ ಶೂಗಳಿಗೆ ಕಟ್ಟಿದರೆ ಪಾದ ಒಂದು ಕಡೆಗೂ ಮುಳ್ಳುಗಳು ಇನ್ನೊಂದು ಕಡೆಗೂ ತಿರುಗುತ್ತವೆ. ಕ್ರಾಂಪಾನ್, ಹೆಲ್ಮೆಟ್, ಹಾರ್ನೆಸ್ ಮತ್ತು ಐಸ್ ಆ್ಯಕ್ಸ್ (ಗಡ್ಡೆ ಕಡಿಯುವ ಕೊಡಲಿ) ಶುಲ್ಕದಲ್ಲಿ ಸೇರಿದ್ದವು, ಬೂಟಿಗೆ ಮಾತ್ರ ಪ್ರತ್ಯೇಕ ಬಾಡಿಗೆ. ಅದಕ್ಕೂ ನನ್ನ ತಕರಾರಿಲ್ಲ. ಆದರೆ ಅಕ್ಕನಿಗೆ ಸಿಕ್ಕ ಜೊತೆ ಹಿಂದಿನ ತಂಡದವರು ಆಗಷ್ಟೇ ಬಿಚ್ಚಿಟ್ಟದ್ದು; ಒಳಗೆ ಒದ್ದೆ, ಅಳತೆಯಲ್ಲಿ ಒಂದು ಅಂಕಿ ದೊಡ್ಡದು. ಬೇರೆ ಜೊತೆ ಕೇಳಿದಾಗ, ಆ ಅಳತೆಯವೆಲ್ಲ ಮೇಲಿರುವ ತಂಡದವರ ಕಾಲಿನಲ್ಲಿವೆ ಎಂಬ ಉತ್ತರ ಬಂತು. ಎರಡು ಜೊತೆ ಉಣ್ಣೆಯ ಕಾಲುಚೀಲ ಹಾಕಿ ಸರಿಪಡಿಸಿಕೊಂಡೆವು. ಹಿಮನದಿಯ ಮೇಲೆ ಸಡಿಲವಾದ ಬೂಟು ಕೇವಲ ಕಿರಿಕಿರಿಯ ಸಂಗತಿಯಲ್ಲ; ಇಳಿಜಾರಿನಲ್ಲಿ ಹಿಮ್ಮಡಿ ಮೇಲೆದ್ದರೆ ಮುಂದಿನ ಮುಳ್ಳುಗಳು ಎಲ್ಲಿ ಕಚ್ಚಬೇಕೋ ಅಲ್ಲಿ ಕಚ್ಚುವುದಿಲ್ಲ. ಇಷ್ಟು ಹಣ ಪಡೆಯುವವರು ಬೂಟುಗಳನ್ನು ಒಣಗಿಸಲು ಎರಡು ತಂಡಗಳ ನಡುವೆ ಅರ್ಧ ಗಂಟೆಯ ಬಿಡುವನ್ನಾದರೂ ಇಟ್ಟುಕೊಳ್ಳಬೇಕಿತ್ತು.

ಐಸ್ ಆ್ಯಕ್ಸ್ ಬಗ್ಗೆ ಒಂದು ಮಾತು. ಇಂಥ ಸುಲಭ ನಡಿಗೆಯಲ್ಲಿ ಅದರ ಉಪಯೋಗ ಬಹುಪಾಲು ಛಾಯಾಚಿತ್ರಕ್ಕೇ ಸೀಮಿತ. ನಮ್ಮ ತಂಡದ ಪ್ರತಿಯೊಬ್ಬರೂ ಅದನ್ನು ಆಕಾಶಕ್ಕೆ ಎತ್ತಿ ಚಿತ್ರ ತೆಗೆಸಿಕೊಂಡರು; ನಾನೂ ತೆಗೆಸಿಕೊಂಡೆ. ಅದನ್ನು ನಿಜವಾಗಿ ಕೆಲಸಕ್ಕೆ ಹಚ್ಚಿದವರು ಮಾರ್ಗದರ್ಶಿ ಒಬ್ಬರೇ: ಕಡಿದಾದ ಕಡೆ ಮೆಟ್ಟಿಲು ಕೊರೆಯಲು, ಅನುಮಾನ ಬಂದ ಕಡೆ ಗಡ್ಡೆಯನ್ನು ತಟ್ಟಿ ನೋಡಲು.

ನಿಲ್ದಾಣದಿಂದ ಗಡ್ಡೆಯವರೆಗಿನ ಹಾದಿಯನ್ನು ಅನೇಕರು ಬೇಸರದಿಂದ, ಬೇಗ ಮುಗಿಯಲಿ ಎಂಬಂತೆ ನಡೆಯುತ್ತಾರೆ. ಅದು ತಪ್ಪು. ಇಡೀ ಭೇಟಿಯಲ್ಲಿ ಮನಸ್ಸನ್ನು ಹೆಚ್ಚು ಕಾಡುವ ಭಾಗ ಅದೇ ಇರಬಹುದು. ಹಾದಿಯ ಪಕ್ಕದಲ್ಲಿ, ಹಿಮನದಿ ಕರಗಿ ಬಿಟ್ಟುಹೋದ ತಗ್ಗಿನಲ್ಲಿ, ಬೂದುಬಣ್ಣದ ಒಂದು ಸರೋವರವಿದೆ. ಈ ಶತಮಾನ ಹುಟ್ಟಿದಾಗ ಆ ಸರೋವರ ಇರಲಿಲ್ಲ. ಹತ್ತಿರದ ಕ್ವೋಲ್ಸ್‌ವೋತ್ಲುರ್ ಪಟ್ಟಣದ ಶಾಲಾಮಕ್ಕಳು 2010ರಿಂದ ಪ್ರತಿ ಶರತ್ಕಾಲದಲ್ಲಿ ಇಲ್ಲಿಗೆ ಬಂದು ಹಿಮನದಿಯ ಅಂಚು ಎಷ್ಟು ಹಿಂದೆ ಸರಿದಿದೆ ಎಂದು ಅಳೆದು ದಾಖಲಿಸುತ್ತಾ ಬಂದಿದ್ದಾರೆ. ಐಸ್‌ಲ್ಯಾಂಡಿನಲ್ಲಿ ಹಿಮನದಿಗಳ ಅಂಚನ್ನು ಕ್ರಮಬದ್ಧವಾಗಿ ಅಳೆಯುವ ಕೆಲಸ 1930ರಷ್ಟು ಹಿಂದೆಯೇ, ಹವಾಮಾನ ತಜ್ಞ ಯೋನ್ ಏಥೋರ್ಸನ್ ಅವರಿಂದ ಆರಂಭವಾಗಿತ್ತು. ಮಕ್ಕಳದು ಅದೇ ಪರಂಪರೆಯ ಮುಂದುವರಿಕೆ. ನೀವು ಮೊದಲು ಇಲ್ಲಿಗೆ ಬಂದಾಗ ಗಡ್ಡೆ ಎಲ್ಲಿತ್ತು ಎಂದು ಅಕ್ಕ ಕೇಳಿದಾಗ ಮಾರ್ಗದರ್ಶಿ ನಿಂತು ಸುತ್ತಲೂ ನೋಡಿ, ಸರೋವರದ ನೀರಿನ ಮೇಲಿನ ಒಂದು ಜಾಗಕ್ಕೆ ಕೈ ತೋರಿದರು. ಅವರಿಗೆ ಮೂವತ್ತು ತುಂಬಿರಲಾರದು.

ಅಂಚನ್ನು ತಲುಪಿದ ಮೇಲೆ ಹತ್ತು ನಿಮಿಷಗಳ ಪಾಠ. ಕ್ರಾಂಪಾನ್ ಕಟ್ಟಿದ ಮೇಲೆ ನಡಿಗೆಯನ್ನೇ ಹೊಸದಾಗಿ ಕಲಿಯಬೇಕು. ಸಾಮಾನ್ಯವಾಗಿ ನಾವು ಹಿಮ್ಮಡಿಯನ್ನು ಮೊದಲು ಊರಿ ಬೆರಳುಗಳಿಂದ ನೆಲವನ್ನು ತಳ್ಳುತ್ತೇವೆ. ಇಲ್ಲಿ ಅಂಗಾಲನ್ನು ಒಂದೇ ಸಲಕ್ಕೆ, ಸಪಾಟಾಗಿ, ತುಸು ಒತ್ತಿ ಊರಬೇಕು, ಆಗ ಎಲ್ಲ ಮುಳ್ಳುಗಳೂ ಕಚ್ಚುತ್ತವೆ. ಎರಡು ಪಾದಗಳ ನಡುವೆ ಒಂದು ಗೇಣಿಗೂ ಹೆಚ್ಚು ಅಂತರವಿರಬೇಕು, ಇಲ್ಲದಿದ್ದರೆ ಒಂದು ಕಾಲಿನ ಮುಳ್ಳು ಇನ್ನೊಂದು ಕಾಲಿನ ಪ್ಯಾಂಟಿಗೆ ಸಿಕ್ಕಿ ಮುಗ್ಗರಿಸುವುದು ಖಚಿತ. ಇಳಿಯುವಾಗ ಮಂಡಿಯನ್ನು ಸ್ವಲ್ಪ ಬಾಗಿಸಿ, ಹಿಂದಕ್ಕೆ ವಾಲದೆ, ದೇಹದ ಭಾರವನ್ನು ಪಾದಗಳ ಮೇಲೆಯೇ ಇಡಬೇಕು. ಹೆದರಿದವರು ಹಿಂದಕ್ಕೆ ವಾಲುತ್ತಾರೆ, ವಾಲಿದವರೇ ಜಾರುತ್ತಾರೆ. ಅರವತ್ತರ ಹೊಸ್ತಿಲಲ್ಲಿರುವ ಅಕ್ಕ ಇದನ್ನು ನನಗಿಂತ ಬೇಗ ಕಲಿತಳು. ಮೊದಲ ಇಳಿಜಾರಿನಲ್ಲೇ ಕೂತುಬಿಟ್ಟವನು ನಾನು.

ಹಿಮನದಿಯನ್ನು ಬಿಳಿಯಾಗಿ ಊಹಿಸಿಕೊಂಡು ಬಂದವರಿಗೆ ಸೋಲ್‌ಹೇಮಯೋಕುಲ್ ಮೊದಲ ನೋಟಕ್ಕೆ ನಿರಾಸೆಯನ್ನೇ ಉಂಟುಮಾಡುತ್ತದೆ. ಅದರ ಕೆಳಭಾಗ ಇದ್ದಿಲಿನ ಗೋದಾಮಿನಂತೆ ಕಪ್ಪು. ಮೀರ್ದಾಲ್ಸ್‌ಯೋಕುಲ್‌ನ ಹಿಮಹೊದಿಕೆಯ ಅಡಿಯಲ್ಲಿ ಕಾಟ್ಲಾ ಎಂಬ ಜ್ವಾಲಾಮುಖಿ ಇದೆ. ಅದು ಕೊನೆಯ ಬಾರಿಗೆ ದೊಡ್ಡದಾಗಿ ಸ್ಫೋಟಿಸಿದ್ದು 1918ರ ಅಕ್ಟೋಬರಿನಲ್ಲಿ. ಆಗ ಮೇಲೆ ಬಿದ್ದ ಬೂದಿ ವರ್ಷ ವರ್ಷದ ಹಿಮದಡಿಯಲ್ಲಿ ಹೂತು, ಹಿಮನದಿಯೊಡನೆ ನಿಧಾನವಾಗಿ ಹರಿದುಬಂದು, ಕೆಳಗೆ ಗಡ್ಡೆ ಕರಗುವ ಜಾಗದಲ್ಲಿ ಮತ್ತೆ ಬೆಳಕಿಗೆ ಬರುತ್ತಿದೆ. ಅದರ ಜೊತೆಗೆ 2010ರಲ್ಲಿ ಯೂರೋಪಿನ ವಿಮಾನ ಸಂಚಾರವನ್ನು ದಿನಗಟ್ಟಲೆ ನಿಲ್ಲಿಸಿದ ನೆರೆಯ ಏಯಾಫ್ಯಾತ್ಲಾಯೋಕುಲ್‌ನ ಬೂದಿಯೂ ಸೇರಿದೆ. ಇದೆಲ್ಲ ತಿಳಿಯದವರ ಕಣ್ಣಿಗೆ ಅದು ಬರಿಯ ಕೊಳೆ. ನಮ್ಮ ತಂಡದ ಒಬ್ಬರು ‘ಸ್ವಚ್ಛವಾದ ಹಿಮನದಿ ಎಲ್ಲಿ’ ಎಂದೇ ಕೇಳಿದರು.

ಮಾರ್ಗದರ್ಶಿ ಆ ಪ್ರಶ್ನೆಗೆ ಮಾತಿನಲ್ಲಿ ಉತ್ತರಿಸದೆ, ಹುತ್ತಗಳಂತೆ ಸಾಲಾಗಿ ಎದ್ದು ನಿಂತಿದ್ದ ಕಪ್ಪು ದಿಬ್ಬಗಳ ಬಳಿಗೆ ನಮ್ಮನ್ನು ಕರೆದೊಯ್ದರು. ಮೊಣಕಾಲೆತ್ತರದಿಂದ ಎದೆಯೆತ್ತರದವರೆಗೆ ಇದ್ದ ಆ ದಿಬ್ಬಗಳನ್ನು ಬೂದಿಯ ಗುಡ್ಡೆಗಳೆಂದೇ ನಾವು ತಿಳಿದಿದ್ದೆವು. ಅವರು ಐಸ್ ಆ್ಯಕ್ಸ್‌ನ ತುದಿಯಿಂದ ಒಂದರ ಮೈಯನ್ನು ಕೆರೆದರು. ಎರಡು ಬೆರಳಿನ ದಪ್ಪದ ಬೂದಿ ಉದುರಿತು. ಒಳಗೆ ಗಾಜಿನಂಥ ಗಡ್ಡೆ. ತೆಳುವಾಗಿ ಹರಡಿದ ಬೂದಿ ಬಿಸಿಲನ್ನು ಹೀರಿ ಕೆಳಗಿನ ಗಡ್ಡೆಯನ್ನು ಬೇಗ ಕರಗಿಸುತ್ತದೆ. ಅದೇ ಬೂದಿ ಕೆಲವು ಸೆಂಟಿಮೀಟರು ದಪ್ಪಗಾದರೆ ಕಂಬಳಿಯಂತೆ ಶಾಖವನ್ನು ತಡೆಯುತ್ತದೆ. ಹೀಗಾಗಿ ಸುತ್ತಲಿನ ಗಡ್ಡೆ ಕರಗಿ ತಗ್ಗುತ್ತ ಹೋದಂತೆ ಬೂದಿ ದಟ್ಟವಾಗಿ ಬಿದ್ದಿದ್ದ ಜಾಗ ಮಾತ್ರ ದಿಬ್ಬವಾಗಿ ಉಳಿಯುತ್ತದೆ. ಒಂದೇ ವಸ್ತು ಗಡ್ಡೆಯನ್ನು ಕರಗಿಸುತ್ತದೆ, ಕಾಯುತ್ತದೆ, ವ್ಯತ್ಯಾಸವಿರುವುದು ದಪ್ಪದಲ್ಲಿ. ಸ್ವಚ್ಛ ಹಿಮನದಿಯನ್ನು ಕೇಳಿದ್ದವರು ಆಮೇಲೆ ಪ್ರತಿ ದಿಬ್ಬವನ್ನೂ ಕೆರೆಯುತ್ತ ಹಿಂದೆ ಉಳಿಯತೊಡಗಿದರು. ಇಂಥ ಒಂದು ಕ್ಷಣಕ್ಕೆ ಹಣ ಕೊಡಬಹುದು.

ಮೇಲೆ ಹೋದಂತೆ ಕಪ್ಪು ಕಡಿಮೆಯಾಗಿ ನೀಲಿ ಕಾಣಿಸಿಕೊಂಡಿತು. ಹಿಮ ವರ್ಷಗಟ್ಟಲೆ ತನ್ನದೇ ಭಾರದಡಿಯಲ್ಲಿ ಒತ್ತಿಕೊಂಡಾಗ ಗಾಳಿಯ ಗುಳ್ಳೆಗಳು ಬಹುಪಾಲು ಹೊರಹೋಗಿ ಗಡ್ಡೆ ಸಾಂದ್ರವಾಗುತ್ತದೆ. ಅಂಥ ಗಡ್ಡೆಯೊಳಗೆ ಬೆಳಕು ಆಳಕ್ಕೆ ಇಳಿಯುತ್ತದೆ, ಕೆಂಪು ಭಾಗವನ್ನು ಗಡ್ಡೆ ಹೀರಿಕೊಂಡು ನೀಲಿ ಹೊರಗೆ ಉಳಿಯುತ್ತದೆ. ಬಿಸಿಲಿಗೆ ಸಿಕ್ಕ ಮೇಲ್ಮೈ ಸಣ್ಣಗೆ ಬಿರಿದು ಬೆಳ್ಳಗಾಗುವುದರಿಂದ ನೀಲಿಯನ್ನು ನೋಡಲು ಬಿರುಕಿನೊಳಗೇ ಇಣುಕಬೇಕು. ಸಂಸ್ಥೆಗಳ ಜಾಹೀರಾತುಗಳಲ್ಲಿ ಇಡೀ ಹಿಮನದಿಯೇ ನೀಲಮಣಿಯಂತೆ ಹೊಳೆಯುತ್ತದೆ; ಆ ನಿರೀಕ್ಷೆಯನ್ನು ನಿಲ್ದಾಣದಲ್ಲೇ ಬಿಟ್ಟು ಬರುವುದು ಲೇಸು. ಮೋಡ ಕವಿದ ದಿನ ನೀಲಿ ಇನ್ನಷ್ಟು ಎದ್ದು ಕಾಣುತ್ತದೆ ಎಂಬುದು ನಮ್ಮ ಸೋನೆ ಮಳೆಯ ಬೆಳಗಿಗೆ ಸಿಕ್ಕ ಪರಿಹಾರ.

ಬಿರುಕಿನ ಬಳಿ ಒಬ್ಬೊಬ್ಬರನ್ನೇ ಕರೆದು, ಹಾರ್ನೆಸ್ಸಿನ ಹಿಂಬದಿಯನ್ನು ಹಿಡಿದುಕೊಂಡು ಒಳಗೆ ನೋಡಲು ಬಿಟ್ಟರು. ಹಿಮನದಿಯ ಮೇಲಿನ ಪದರ ಪೆಡಸಾಗಿರುವುದರಿಂದ, ಕೆಳಗಿನ ಏರುತಗ್ಗಿನ ಮೇಲೆ ಹರಿಯುವಾಗ ಬಿರಿಯುತ್ತದೆ. ಮೂವತ್ತರಿಂದ ಐವತ್ತು ಮೀಟರಿನ ಕೆಳಗೆ ಒತ್ತಡ ಹೆಚ್ಚಿ ಗಡ್ಡೆ ಕಣಕದಂತೆ ಬಾಗಿ ಹರಿಯತೊಡಗುವುದರಿಂದ ಬಿರುಕುಗಳು ಸಾಮಾನ್ಯವಾಗಿ ಅದಕ್ಕಿಂತ ಆಳಕ್ಕೆ ಇಳಿಯುವುದಿಲ್ಲ. ಹಿಮನದಿಗಳು ಅಂಟುದ್ರವದಂತೆ ಹರಿಯುತ್ತವೆ ಎಂದು 1790ರ ದಶಕದಲ್ಲೇ ಗುರುತಿಸಿ ಬರೆದಿಟ್ಟವರು ಐಸ್‌ಲ್ಯಾಂಡಿನ ವೈದ್ಯ ಸ್ವೇನ್ ಪೌಲ್ಸನ್. ಕನ್ನಡದಲ್ಲಿ ನಾವು ಹಿಮ‘ನದಿ’ ಎನ್ನುವಾಗ ಈ ಹರಿವನ್ನು ಹೆಸರಿನಲ್ಲೇ ಇಟ್ಟುಕೊಂಡಿದ್ದೇವೆ ಎಂಬುದು ಆ ಬಿರುಕಿನ ಅಂಚಿನಲ್ಲಿ ನಿಂತಾಗ ಹೊಳೆಯಿತು. ಸ್ವಲ್ಪ ದೂರದಲ್ಲಿ ಕರಗಿದ ನೀರು ಸುಳಿಸುಳಿಯಾಗಿ ಇಳಿಯುವ ಬಾವಿಯಂಥ ಒಂದು ರಂಧ್ರವಿತ್ತು. ಫ್ರೆಂಚಿನಲ್ಲಿ ಗಿರಣಿ ಎಂಬ ಅರ್ಥದ ‘ಮೂಲಾನ್’ ಎಂಬ ಹೆಸರು ಅದಕ್ಕಿದೆ. ಅದರ ಸದ್ದನ್ನು ದೂರದಿಂದಲೇ ಕೇಳಿಸಿದರು, ಹತ್ತಿರಕ್ಕೆ ಬಿಡಲಿಲ್ಲ.

ಇನ್ನು ಎರಡನೆಯ, ಹೆಚ್ಚು ಗಂಭೀರವಾದ ಕೊರತೆ. ನಮ್ಮ ತಂಡದಲ್ಲಿ ಒಬ್ಬ ಮಾರ್ಗದರ್ಶಿಗೆ ಹದಿನಾಲ್ಕು ಜನ. ಹಿಮನದಿಯ ಮೇಲೆ ಎಲ್ಲರೂ ಒಬ್ಬರ ಹಿಂದೊಬ್ಬರು, ಮುಂದಿನವರ ಹೆಜ್ಜೆಯ ಮೇಲೆಯೇ ನಡೆಯಬೇಕಾದ್ದರಿಂದ ಹದಿನಾಲ್ಕು ಜನರ ಸಾಲಿನಲ್ಲಿ ಮೊದಲಿನ ಐದು ಮಂದಿಗೆ ಮಾತ್ರ ಮಾರ್ಗದರ್ಶಿಯ ಮಾತು ಕೇಳುತ್ತದೆ; ಗಾಳಿ ಬೀಸಿದರೆ ಮೂವರಿಗೆ. ಒಬ್ಬರ ಕ್ರಾಂಪಾನಿನ ಪಟ್ಟಿ ಸಡಿಲವಾದರೆ ಹದಿನಾಲ್ಕೂ ಜನ ಮಳೆಯಲ್ಲಿ ನಿಲ್ಲಬೇಕು, ನಮ್ಮಲ್ಲಿ ಅದು ನಾಲ್ಕು ಸಲ ಆಯಿತು. ಬಿರುಕಿನಲ್ಲಿ ಇಣುಕುವ ಸರದಿ ಮುಗಿಯಲು ಇಪ್ಪತ್ತು ನಿಮಿಷ ಹಿಡಿಯಿತು. ಇದರ ಪರಿಣಾಮವಾಗಿ, ಎರಡು ಬಿರುಕುಗಳ ನಡುವಿನ ಕಿರಿದಾದ ಏಣಿನ ಮೇಲೆ ಹತ್ತಿ ಎತ್ತರದ ಸಮತಟ್ಟನ್ನು ತಲುಪುವ ಯೋಜನೆಯನ್ನು ಮಾರ್ಗದರ್ಶಿ ಕೈಬಿಟ್ಟರು. ತಂಡದ ಇಬ್ಬರು ಗೊಣಗಿದರು, ಹಣದ ಮಾತೂ ಬಂತು. ಮಾರ್ಗದರ್ಶಿ ಶಾಂತವಾಗಿ, ರಾತ್ರಿಯ ಮಳೆಗೆ ಏಣಿನ ಅಂಚು ತೆಳುವಾಗಿದೆ, ನಿಧಾನವಾಗಿ ನಡೆಯುವ ಇಷ್ಟು ಜನರನ್ನು ಅಲ್ಲಿ ನಿಲ್ಲಿಸಲಾರೆ ಎಂದಷ್ಟೇ ಹೇಳಿ ಬೇರೆ ದಾರಿಯಲ್ಲಿ ಇಳಿಸಿದರು. ಆ ನಿರ್ಧಾರಕ್ಕೆ ನಾನು ಪೂರ್ಣ ಅಂಕ ಕೊಡುತ್ತೇನೆ. ಅಂಥ ನಿರ್ಧಾರ ಅನಿವಾರ್ಯವಾಗುವಷ್ಟು ಜನರನ್ನು ಒಬ್ಬರ ಹಿಂದೆ ಕಳುಹಿಸಿದ ಸಂಸ್ಥೆಗೆ ಕಳೆಯುತ್ತೇನೆ.

ಹಿಂದೆ ತಿರುಗುವ ಮಾರ್ಗದರ್ಶಿಯ ಬೆಲೆ ಏನೆಂದು ತಿಳಿಯಲು ಬಹಳ ದೂರ ಹೋಗಬೇಕಿಲ್ಲ. 2024ರ ಆಗಸ್ಟ್ 25ರಂದು ಇದೇ ದೇಶದ ಬ್ರೇಯ್ದಾಮೆರ್ಕುರ್‌ಯೋಕುಲ್ ಹಿಮನದಿಯಲ್ಲಿ ಪ್ರವಾಸಿಗರ ತಂಡವೊಂದು ಹಿಮಗುಹೆ ನೋಡುತ್ತಿದ್ದಾಗ ಗಡ್ಡೆ ಕುಸಿದು ಒಬ್ಬರು ಸತ್ತರು, ಮತ್ತೊಬ್ಬರು ತೀವ್ರವಾಗಿ ಗಾಯಗೊಂಡರು. ಬೇಸಿಗೆಯಲ್ಲಿ ಗಡ್ಡೆ ಕರಗುವ ವೇಗದಲ್ಲಿ ನಿನ್ನೆಯ ಗುಹೆ ಇಂದಿನದಲ್ಲ. ಐಸ್‌ಲ್ಯಾಂಡಿನಲ್ಲಿ ದಿನಪ್ರವಾಸ ನಡೆಸುವವರಿಗೆ ಅಲ್ಲಿನ ಪ್ರವಾಸೋದ್ಯಮ ಮಂಡಳಿಯ ಪರವಾನಗಿಯೂ ಲಿಖಿತ ಸುರಕ್ಷತಾ ಯೋಜನೆಯೂ ಇರಬೇಕೆಂಬ ನಿಯಮವಿದೆ. ಮಾರ್ಗದರ್ಶಿಗಳಿಗೆ ಹಿಮನದಿಯ ಕೆಲಸದಲ್ಲಿ ಹಂತಹಂತದ ತರಬೇತಿಯನ್ನೂ ಅಲ್ಲಿ ಕೊಡಲಾಗುತ್ತದೆ. ಹಣ ಕಟ್ಟುವ ಮೊದಲು ಮಾರ್ಗದರ್ಶಿಯ ತರಬೇತಿ ಯಾವ ಹಂತದ್ದು, ತಂಡದಲ್ಲಿ ಗರಿಷ್ಠ ಎಷ್ಟು ಜನ, ಬೇಸಿಗೆಯಲ್ಲಿ ಗುಹೆಯೊಳಗೆ ಕರೆದೊಯ್ಯುವಿರಾ ಎಂದು ಕೇಳಿ ನೋಡಿ. ಕೊನೆಯ ಪ್ರಶ್ನೆಗೆ ‘ಹೌದು’ ಎಂದು ಉತ್ಸಾಹದಿಂದ ಹೇಳುವವರಲ್ಲಿ ನಾನು ಕಾಯ್ದಿರಿಸುವುದಿಲ್ಲ.

ಇಲ್ಲಿನ ವಿಶೇಷ ಅಪಾಯವೊಂದನ್ನೂ ಹೇಳಬೇಕು. ಈ ಹಿಮನದಿಯಿಂದ ಹೊರಡುವ ಹೊಳೆಗೆ ‘ಫೂಲಿಲೈಕುರ್’, ಅಂದರೆ ನಾರುವ ಹಳ್ಳ, ಎಂಬ ಅಡ್ಡಹೆಸರಿದೆ. ಕಾಟ್ಲಾದ ಶಾಖ ಗಡ್ಡೆಯನ್ನು ಅಡಿಯಿಂದ ಕರಗಿಸಿ ನೀರಾಗಿಸಿದಾಗ ಅದರೊಡನೆ ಗಂಧಕದ ಅನಿಲವೂ ಬರುವುದರಿಂದ ಕೊಳೆತ ಮೊಟ್ಟೆಯ ವಾಸನೆ ಹೊರಡುತ್ತದೆ. 1999ರ ಜುಲೈನಲ್ಲಿ ಇಂಥ ನೀರು ಒಮ್ಮೆಲೇ ನುಗ್ಗಿ ಈ ಹೊಳೆಯಲ್ಲಿ ಪ್ರವಾಹ ಬಂದಿತ್ತು. ಅಂದು ನಮಗೆ ಬಂದ ವಾಸನೆ ತೀರಾ ನವಿರು. ಆದರೂ ಮಾರ್ಗದರ್ಶಿ ಆರಂಭದಲ್ಲೇ ಅದರ ಬಗ್ಗೆ ಹೇಳಿ, ಅದು ಜೋರಾದರೆ ಪ್ರಶ್ನೆ ಕೇಳದೆ ಯಾವ ದಿಕ್ಕಿಗೆ ನಡೆಯಬೇಕೆಂದು ತೋರಿಸಿಯೇ ಮುಂದುವರಿದರು. ನಮ್ಮ ಹಿಂದೆಯೇ ಬಂದ ಇನ್ನೊಂದು ತಂಡಕ್ಕೆ ಆ ಮಾತನ್ನು ಯಾರೂ ಹೇಳಿದ್ದು ಕೇಳಿಸಲಿಲ್ಲ.

ಯಾರಿಗೆ ಇದು ಸರಿಹೊಂದುತ್ತದೆ? ಒಂದೆರಡು ಗಂಟೆ ಏರುತಗ್ಗಿನಲ್ಲಿ ನಡೆಯಬಲ್ಲ ಯಾರಿಗಾದರೂ. ದಮ್ಮು ಬೇಕಾಗುವುದು ಕಡಿಮೆ, ಮಂಡಿ ಗಟ್ಟಿಯಿರಬೇಕು. ಜೀನ್ಸ್ ತೊಟ್ಟು ಬಂದಿದ್ದ ಇಬ್ಬರು ಮಳೆಯಲ್ಲಿ ನಡುಗುತ್ತಿದ್ದರು. ಉಣ್ಣೆಯ ಒಳಪದರ, ನೀರು ಒಳಬಿಡದ ಹೊರಪದರ ಮತ್ತು ತೆಳುವಾದರೂ ಕೈಗವಸು ಕಡ್ಡಾಯವೆಂದೇ ತಿಳಿಯಿರಿ. ಬರಿಗೈಯಲ್ಲಿ ಬಿದ್ದರೆ ಗಡ್ಡೆಯ ಮೇಲ್ಮೈ ಅರದಂತೆ ಚರ್ಮವನ್ನು ಕೆರೆಯುತ್ತದೆ, ಇದು ನನ್ನ ಅಂಗೈಯ ಸಾಕ್ಷಿ. ಹೆಚ್ಚು ದಿನಗಳಿರುವವರು ಇನ್ನಷ್ಟು ಪೂರ್ವಕ್ಕೆ, ಸ್ಕಾಫ್ತಾಫೆಲ್‌ವರೆಗೆ ಹೋಗಿ ವಾಟ್ನಾಯೋಕುಲ್ ಎಂಬ ಇನ್ನೊಂದು ಹಿಮಹೊದಿಕೆಯ ಕವಲುಗಳ ಮೇಲೆ ನಡೆಯುವುದು ಉತ್ತಮ. ರೇಕ್ಯಾವಿಕ್‌ನಿಂದ ಒಂದೇ ದಿನದಲ್ಲಿ ಹೋಗಿಬರುವುದು ಕಷ್ಟವಾದ್ದರಿಂದಲೇ ಅಲ್ಲಿ ದಿನಪ್ರವಾಸಿಗರ ನೂಕುನುಗ್ಗಲು ಇಷ್ಟಿರುವುದಿಲ್ಲ.

ಮಾರ್ಗದರ್ಶಿಗೆ ಐದರಲ್ಲಿ ಐದು, ಸಂಸ್ಥೆಗೆ ಮೂರು ಎಂದು ಅಂದೇ ಸಂಜೆ ಬರೆದಿಟ್ಟುಕೊಂಡಿದ್ದೆ. ಈಗಲೂ ಅದನ್ನು ತಿದ್ದಬೇಕೆನಿಸಿಲ್ಲ. ಮತ್ತೆ ಹೋಗುವುದಾದರೆ ಎಂಟು ಜನರಿಗೆ ಮೀರದ ತಂಡ, ಐದು ಗಂಟೆಯ ನಡಿಗೆ, ಬೂಟುಗಳು ಒದ್ದೆಯಾಗುವ ಮೊದಲಿನ ದಿನದ ಪ್ರಥಮ ಸರದಿ, ಇಷ್ಟನ್ನು ಹೆಚ್ಚು ಹಣ ತೆತ್ತಾದರೂ ಆರಿಸಿಕೊಳ್ಳುತ್ತೇನೆ. ಅಕ್ಕ ಅಷ್ಟಕ್ಕೂ ಕಾಯುವುದಿಲ್ಲವಂತೆ. ಗಟ್ಟಿ ಅಟ್ಟೆಯ ಒಂದು ಜೊತೆ ಬೂಟನ್ನು ಈಗಾಗಲೇ ಕೊಂಡು, ಮನೆಯೊಳಗೆ ಮೆಟ್ಟಿಲು ಹತ್ತಿ ಇಳಿದು ಪಳಗಿಸುತ್ತಿದ್ದಾಳೆ.